ಮೂರು ಬಟ್ಟೆಗೆ ಒಂದು ಬಟ್ಟಲು ಸೋಪು

ಸಂಸಾರಸ್ಥ ಗಂಡಸರಿಗೆ ಕೊಳೆ ಬಟ್ಟೆಯ ವಿಷಯದಲ್ಲಿ ಒಂದು ಗಟ್ಟಿ ನಂಬಿಕೆ ಇರುತ್ತದೆ. ಬಚ್ಚಲ ಮೂಲೆಗೆ ಎಸೆದ ಬನಿಯನ್ನು ಎರಡು ದಿನ ಕಳೆದ ಮೇಲೆ ತಾನಾಗಿಯೇ ಮಡಿಚಿಕೊಂಡು ಬೀರುವಿನೊಳಗೆ ಹೋಗಿ ಕೂರುತ್ತದೆ ಎಂದು. ನಡುವೆ ಏನಾಗುತ್ತದೆ ಎಂದು ಕೇಳಬಾರದು, ಪವಾಡವನ್ನು ಪರೀಕ್ಷೆ ಮಾಡಬಾರದು. ಮೂವತ್ತೆರಡು ವರ್ಷ ನಾನೂ ಈ ನಂಬಿಕೆಯಲ್ಲೇ ಸುಖವಾಗಿದ್ದೆ. ಹೂಟಗಳ್ಳಿಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ಯಾವ ಬೋಲ್ಟು ಯಾವ ಅರೆಯಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವನು ನಾನು. ಮನೆಯಲ್ಲಿ ಸೋಪಿನ ಪುಡಿಯ ಡಬ್ಬ ಎಲ್ಲಿದೆ ಅನ್ನುವುದು ರಿಟೈರಾದ ಮೇಲೂ ಗೊತ್ತಿರಲಿಲ್ಲ. ನಾಚಿಕೆಯಾಗಬೇಕಿತ್ತು, ಆಗಿರಲಿಲ್ಲ.

ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ ವಾಷಿಂಗ್ ಮಿಷನ್ನೂ ಇದೆ. ಆದರೆ ನನ್ನ ಹೆಂಡತಿ ಗಿರಿಜೆ ಅದಕ್ಕೆ ಕಸೂತಿ ಹಾಕಿದ ಹೊದಿಕೆ ಹೊದಿಸಿ ಇಟ್ಟಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಬೆಡ್‌ಶೀಟು ಒಗೆಯುವಾಗ ಮಾತ್ರ ಅದಕ್ಕೆ ಎಚ್ಚರ. "ಒಂದು ಪಂಚೆ, ಒಂದು ಬನಿಯನ್ನು, ಒಂದು ನೈಟಿಗೆಲ್ಲಾ ಮಿಷನ್ ಓಡಿಸ್ತಾರೇನ್ರೀ? ಕಂಡೋರು ನಕ್ಕಾರು," ಅಂತ ದಿನವೂ ಹಿತ್ತಿಲ ಕಲ್ಲಿನ ಮೇಲೆ ಕೈಯಲ್ಲೇ ಕುಕ್ಕಿ ಹಾಕುತ್ತಿದ್ದಳು. ಹೀಗಿರುವಾಗ ಅವಳ ಅಂಗೈ ಸುಲಿಯಲು ಶುರುವಾಯಿತು. ಮೊದಲು ತುರಿಕೆ, ಆಮೇಲೆ ಬಿರುಕು. ಡಾಕ್ಟರು ನೋಡಿ, "ಈ ಪುಡಿ ನಿಮಗೆ ಆಗ್ತಿಲ್ಲ ತಾಯಿ, ಸೌಮ್ಯವಾದ್ದು ಏನಾದ್ರೂ ಬಳಸಿ," ಅಂದು ಒಂದು ಮುಲಾಮು ಬರೆದುಕೊಟ್ಟರು.

ಇಲ್ಲಿ ನಾನು ನಿಮ್ಮ ಮುಂದೆ ಒಂದು ತಪ್ಪೊಪ್ಪಿಗೆ ಮಾಡಬೇಕು. ಅಂಗೈ ಸುಲಿದ ಸುದ್ದಿ ನನ್ನ ಎದೆಗೆ ನಾಟಿದ್ದು ಆವತ್ತಲ್ಲ, ಮಾರನೇ ದಿನ ಮಧ್ಯಾಹ್ನ, ತಟ್ಟೆಯಲ್ಲಿ ಅನ್ನ ಕಂಡಾಗ. "ಮುದ್ದೆ?" ಅಂದೆ. ಗಿರಿಜೆ ಎರಡೂ ಅಂಗೈಯನ್ನು ನನ್ನ ಮುಖದ ಮುಂದೆ ಹಿಡಿದಳು. ಆ ಕೈಯಲ್ಲಿ ಹಬೆಯಾಡುವ ರಾಗಿ ಹಿಟ್ಟನ್ನು ಮುದ್ದೆ ಕಟ್ಟುವುದು ಹೇಗೆ? ನಾವು ಹೊಲ ಉತ್ತು ತಿಂದವರ ಮನೆಯವರು. ಮುದ್ದೆ ಇಲ್ಲದ ಊಟ ಎಷ್ಟು ಉಂಡರೂ ನನಗೆ ತಿಂಡಿಯ ಲೆಕ್ಕ. ಒಂದು ದಿನ ನಾನೇ ಕೋಲು ಹಿಡಿದು ತಿರುವಿದೆ. ಗಿರಿಜೆ ಅದನ್ನು ನೋಡಿ, "ಗೋಡೆಗೆ ಪೋಸ್ಟರ್ ಅಂಟ್ಸೋಕೆ ಚೆನ್ನಾಗಿದೆ," ಅಂದಳು. ಮುದ್ದೆ ಬೇಕಾದರೆ ಆ ಅಂಗೈ ವಾಸಿಯಾಗಬೇಕು, ಅಂಗೈ ವಾಸಿಯಾಗಬೇಕಾದರೆ ಸೌಮ್ಯವಾದ ಸೋಪು ಬೇಕು. ಆವತ್ತೇ ಪ್ರತಿಜ್ಞೆ ಮಾಡಿದೆ. "ಇನ್ನು ಬಟ್ಟೆ ನೀನು ಮುಟ್ಟಬೇಡ. ಸೋಪನ್ನೂ ನಾನೇ ಮಾಡ್ತೀನಿ!"

ಕಚ್ಚಾ ಮಾಲಿಗೆ ಬರವಿರಲಿಲ್ಲ. ನಮ್ಮ ಮನೆಯಲ್ಲಿ ಸವೆದ ಸ್ನಾನದ ಸೋಪನ್ನು ಎಸೆಯುವುದು ಮಹಾಪಾಪ. ಹೊಸ ಸೋಪಿನ ಬೆನ್ನಿಗೆ ಅದನ್ನು ಒತ್ತಿ ಅಂಟಿಸುತ್ತೇವೆ, ಅಂಟದ ಚೂರುಗಳು ಹಳೇ ಉಪ್ಪಿನಕಾಯಿ ಜಾಡಿಗೆ ಬೀಳುತ್ತವೆ. ಜಾಡಿ ತುಂಬಿ ಯಾವುದೋ ಕಾಲವಾಗಿತ್ತು. ಅದಕ್ಕೆ ಬೆರೆಸಲು ಕೈಗೆ ಸೌಮ್ಯವಾದ ಅಂಟುವಾಳ ಬೇಕು ಅಂತ ಅಗ್ರಹಾರದ ಗ್ರಂಧಿಗೆ ಅಂಗಡಿಗೆ ಹೋದೆ. "ಎಷ್ಟು ಕೊಡ್ಲಿ ಸ್ವಾಮಿ?" ಅಂದ ಅಂಗಡಿಯವನಿಗೆ "ಮೂರು ಬಟ್ಟೆಗೆ ಆಗೋಷ್ಟು" ಅಂದೆ. ಅವನು ಕನ್ನಡಕ ಕೆಳಗಿಳಿಸಿ ನನ್ನನ್ನೇ ನೋಡಿ, ಒಂದು ಹಿಡಿ ಕಟ್ಟಿಕೊಟ್ಟ.

ಮೊದಲ ಸಲ ಅಂಟುವಾಳ ಉಕ್ಕಿ ಒಲೆ ಆರಿತು. ಎರಡನೇ ಸಲ ಕಷಾಯ ಗಾಢವಾಗಿ, ಬಿಳಿ ಬನಿಯನ್ನು ಕಾಷಾಯ ತೊಟ್ಟು ಸನ್ಯಾಸ ತಗೊಂಡಿತು. ಸೋಪಿನ ಚೂರನ್ನು ತೆಂಗಿನಕಾಯಿ ತುರಿಮಣೆಯಲ್ಲಿ ತುರಿದದ್ದಕ್ಕೆ ಗಿರಿಜೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ಮೂರನೇ ಸಲ ಬೇರೆ ತುರಿಮಣೆ ತಂದು, ತುರಿಯನ್ನು ತಿಳಿ ಅಂಟುವಾಳದ ನೀರಿನಲ್ಲಿ ಸಣ್ಣ ಉರಿಯ ಮೇಲೆ ಕರಗಿಸಿ, ಸ್ಟೀಲ್ ಬಟ್ಟಲುಗಳಿಗೆ ಹುಯ್ದಿಟ್ಟೆ. ಬೆಳಗ್ಗೆ ನೋಡಿದರೆ, ಅಬ್ಬಾ! ತಿಳಿ ಕಂದು ಬಣ್ಣ, ಮೇಲೆ ಬೆರಳಿಟ್ಟರೆ ಮೆಲ್ಲನೆ ನಡುಗುವ ಹದ. ಒಂದು ಬಟ್ಟಲಿಗೆ ಮೂರು ಬಟ್ಟೆ, ಹೆಚ್ಚಿಲ್ಲ ಕಡಿಮೆಯಿಲ್ಲ. ನಾನು ಅದನ್ನು ಹಾಲ್‌ನಿಂದ ಒಂದು ಸಲ, ಅಡುಗೆಮನೆಯಿಂದ ಒಂದು ಸಲ ನೋಡಿ ಸಂತೋಷಪಟ್ಟೆ.

ಅಷ್ಟು ಹೊತ್ತಿಗೆ ಪಕ್ಕದ ಮನೆಯ ನಾಗರತ್ನಮ್ಮ, ಹಿಂದಿನ ದಿನ ಪಾಯಸ ಕೊಟ್ಟಿದ್ದ ಡಬ್ಬಿ ಕೇಳಿಕೊಂಡು ಬಂದರು. ಗಿರಿಜೆ ಮಾರ್ಕೆಟ್ಟಿಗೆ ಹೋಗಿದ್ದಳು. ಕೊಟ್ಟವರ ಪಾತ್ರೆಯನ್ನು ಬರಿದು ಮಾಡಿ ವಾಪಸು ಕೊಡಬಾರದು, ಚಿಟಿಕೆ ಸಕ್ಕರೆಯಾದರೂ ಹಾಕಿ ಕೊಡಬೇಕು ಅಂತ ನಮ್ಮಮ್ಮ ಹೇಳುತ್ತಿದ್ದಳು. ಸಕ್ಕರೆ ಎಲ್ಲಿದೆ ಅನ್ನುವುದೂ ನನಗೆ ಗೊತ್ತಿರಲಿಲ್ಲ. ಹೆಮ್ಮೆ ಬೇರೆ ತಲೆಗೇರಿತ್ತು. ಒಂದು ಬಟ್ಟಲು ಸೋಪನ್ನು ಡಬ್ಬಿಗೆ ಜಾರಿಸಿ, "ತಗೊಳ್ಳಿ, ನಾನೇ ಮಾಡಿದ್ದು," ಅಂದೆ. "ಅಯ್ಯೋ, ನೀವೇನಾ!" ಅಂತ ಅವರು ಬಾಯ್ತುಂಬ ಹೊಗಳಿ ಹೋದರು. ಏನು ಮಾಡಿದ್ದು ಅಂತ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹತ್ತು ನಿಮಿಷಕ್ಕೆ ನಾಗರತ್ನಮ್ಮ ಓಡಿ ಬಂದರು. "ಏನ್ ಕೊಟ್ಬುಟ್ರಿ ಕಣ್ರೀ? ಗಿಣ್ಣು ಅಂದ್ಕೊಂಡು ನಮ್ಮೆಜಮಾನ್ರು ಒಂದು ಚಮಚ ಬಾಯಿಗಿಟ್ಕೊಂಡ್ಬುಟ್ರು! ಉಗಿದು ಮುಕ್ಕಳಿಸ್ತಾನೇ ಅವ್ರೆ, ನೊರೆ ನಿಲ್ತಾ ಇಲ್ಲ!" ನನ್ನ ಜೀವ ಬಾಯಿಗೆ ಬಂತು. ಓಡಿದೆ. ಯಜಮಾನರು ನಲ್ಲಿಯ ಮುಂದೆ ಬಗ್ಗಿ ನಿಂತಿದ್ದರು. ಪುಣ್ಯಕ್ಕೆ ನುಂಗಿರಲಿಲ್ಲ. ನನ್ನನ್ನು ಬೈಯಲು ಬಾಯಿ ತೆರೆದರು, ಒಂದು ಗುಳ್ಳೆ ಬಂತು. ಗಿರಿಜೆ ಮಾರ್ಕೆಟ್ಟಿನಿಂದ ಬಂದು ಇಬ್ಬರನ್ನೂ ಸಮಾಧಾನ ಮಾಡುವಷ್ಟರಲ್ಲಿ ನನ್ನ ಸೋಪಿನ ಕತೆ ಬೀದಿಗೆಲ್ಲಾ ಗೊತ್ತಾಗಿತ್ತು. ಇನ್ನು ಮುಖ ತೋರಿಸುವುದು ಹೇಗೆ ಅಂತ ಎರಡು ದಿನ ಹಿತ್ತಿಲಲ್ಲೇ ಬಟ್ಟೆ ಕುಕ್ಕುತ್ತಾ ಕೂತೆ.

ಮೂರನೇ ದಿನ ಅದೇ ನಾಗರತ್ನಮ್ಮ ಅದೇ ಡಬ್ಬಿ ಹಿಡಿದು ಬಂದರು. ಆವತ್ತು ಉಗಿದದ್ದು ಯಜಮಾನರ ಪಂಚೆ ಮೇಲೆ ಬಿದ್ದಿತ್ತಂತೆ. ಹಬ್ಬದ ದಿನ ಬಿದ್ದ ಕಾಫಿ ಕಲೆ, ಯಾವುದಕ್ಕೂ ಜಗ್ಗದ್ದು, ಅಲ್ಲೇ ಉಜ್ಜಿದ್ದಕ್ಕೆ ಮಂಗಮಾಯ! "ಇನ್ನೊಂದು ಬಟ್ಟಲು ಇದ್ರೆ ಕೊಡ್ರೀ. ಆದ್ರೆ ಮೇಲೆ ಸೋಪು ಅಂತ ಬರ್ದು ಕೊಡಿ," ಅಂದರು. ಸಾರ್, ಆ ಕ್ಷಣ ನನಗೆ ದಸರಾ ಆನೆಯ ಮೇಲೆ ಕೂತಷ್ಟು ಖುಷಿಯಾಯಿತು. ದಪ್ಪ ಅಕ್ಷರದಲ್ಲಿ ಬರೆದು ಕೊಟ್ಟೆ.

ತಿಂಗಳು ಕಳೆಯುವಷ್ಟರಲ್ಲಿ ಗಿರಿಜೆಯ ಅಂಗೈ ಮಗುವಿನ ಅಂಗೈ ಹಾಗೆ ನುಣುಪಾಯಿತು. ಡಾಕ್ಟರ ಮುಂದೆ ನಾನು ಬಟ್ಟಲು ತೆಗೆದಿಟ್ಟು ಅಂಟುವಾಳದ ಪ್ರವಚನ ಶುರುಮಾಡಿದೆ. ಅವರು ತಾಳ್ಮೆಯಿಂದ ಕೇಳಿ ಗಿರಿಜೆಯ ಕಡೆ ತಿರುಗಿದರು. "ಈ ಸೋಪು ದಿನಾ ಬಳಸ್ತೀರಾ ತಾಯಿ?"

"ನಾನೆಲ್ಲಿ ಡಾಕ್ಟ್ರೇ? ತಿಂಗಳಿಂದ ಬಟ್ಟೆ ಒಗೆಯೋದು ಇವ್ರೇ. ನಾನು ಅದನ್ನ ಮುಟ್ಟೇ ಇಲ್ಲ."

"ಹಾಗಾದ್ರೆ ವಾಸಿ ಮಾಡಿದ್ದು ಸೋಪಲ್ಲ, ರಜೆ," ಅಂದರು ಡಾಕ್ಟರು. ಗಿರಿಜೆ ಜೋರಾಗಿ ನಕ್ಕಳು. ನಾನೂ ನಕ್ಕೆ, ಆದರೆ ಒಳಗೆ ಚುರುಕ್ ಅಂದಿತು. ಮೂವತ್ತೆರಡು ವರ್ಷದಲ್ಲಿ ಆ ಕೈಗೆ ಸಿಕ್ಕ ಮೊದಲ ರಜೆ ಅದು. ಕೊಟ್ಟಿದ್ದೂ ಮುದ್ದೆಯ ಆಸೆಗೆ.

ಆವತ್ತು ಮಧ್ಯಾಹ್ನ ತಟ್ಟೆಯಲ್ಲಿ ಮುದ್ದೆ ಬಿತ್ತು. ಗುಂಡಗೆ, ಮಿರಮಿರ ಮಿಂಚುವ ಮುದ್ದೆ, ಜೊತೆಗೆ ಹುರುಳಿ ಬಸ್ಸಾರು. ಎರಡು ಉಂಡೆ. ನಾನು ಯುದ್ಧ ಗೆದ್ದವನ ಹಾಗೆ ಉಂಡು ಕೈತೊಳೆದು, "ಇನ್ನೇನು, ವಾಸಿಯಾಯ್ತಲ್ಲ," ಅಂದೆ, ಸುಮ್ಮನೆ, ಯಾವ ಉದ್ದೇಶವೂ ಇಲ್ಲದೆ.

"ರಜೆ ಎಷ್ಟು ದಿನ ಅಂತ ಡಾಕ್ಟ್ರು ಹೇಳಲಿಲ್ಲವಲ್ಲ," ಅಂದಳು ಗಿರಿಜೆ. "ನಾಳೆ ಮುದ್ದೆ ಬೇಕೋ ಬೇಡವೋ?"

ಬಕೆಟ್ಟು ಎಲ್ಲಿದೆ ಅಂತ ನಾನು ಕೇಳಲಿಲ್ಲ. ಈಗ ಅದು ನನಗೆ ಗೊತ್ತಿದೆ.