ಭರಣಿಯ ಮೇಲಿನ ನೀಲಿ ಹಕ್ಕಿ

ಅಫಜಲಪುರದ ಝೆರಾಕ್ಸ್ ಅಂಗಡಿ ಸೂರ್ಯಕಾಂತ ಹುಮ್ಮಸ್ಸಿನಲ್ಲಿ ಒಂದು ಸುಳ್ಳು ಬರೆದಿದ್ದ. ಅದೂ ಅಮೆರಿಕದವರಿಗೆ.

ಹಳೇ ಅಮೆರಿಕನ್ ಕಲ್ಲುಭರಣಿ ಕೂಡಿಡುವವರ ಫೋನ್ ಗುಂಪಿನಲ್ಲಿ ಅವನೂ ಇದ್ದ. ಬೂದು ಭರಣಿ, ಅದರ ಮೇಲೆ ಕೋಬಾಲ್ಟ್ ನೀಲಿಯ ಹಕ್ಕಿ ಕಂಡರೆ ಸಾಕು, ಹೀರೋಯಿನ್ ಎಂಟ್ರಿ ನೋಡಿದವನಂತೆ ಬಾಯಿ ಬಿಡುತ್ತಿದ್ದ. ಕೂಡಿಟ್ಟದ್ದು ಬರೀ ಫೋಟೋ. ಆದರೂ, "ನೂರೈವತ್ತು ವರ್ಷದ ಹಕ್ಕಿ ಭರಣಿ ನಮ್ಮ ಮನೆಯಲ್ಲಿದೆ" ಎಂದು ಬರೆದುಬಿಟ್ಟ. "ಇವತ್ತು ಸಂಜೆ ಆರಕ್ಕೆ ವಿಡಿಯೋದಲ್ಲಿ ತೋರಿಸು, ಇಲ್ಲವೇ ಗುಂಪು ಬಿಡು" ಎಂದರು ಅವರು.

ಭರಣಿ ಇದ್ದದ್ದು ನಿಜ. ಆದರೆ ಎದುರುಮನೆ ಕಾಶಿಬಾಯಿಯ ಅಡುಗೆಮನೆಯಲ್ಲಿ, ಕಂಠಮಟ್ಟ ಮಾವಿನ ಉಪ್ಪಿನಕಾಯಿ ತುಂಬಿಕೊಂಡು. ಹಿಂದೆಂದೋ ಒಬ್ಬ ಅಮೆರಿಕದ ಡಾಕ್ಟರು ಅವಳ ಅತ್ತೆಗೆ ಕೊಟ್ಟುಹೋದದ್ದು.

"ಕಾಕೂ, ಆ ಭರಣಿ ಕೊಡ್ರಿ."

"ಯಾಕಲೇ? ಜೀವಾ ಕೇಳು, ಕೊಡ್ತೇನಿ. ಭರಣಿ ಕೇಳಬ್ಯಾಡ."

ಸೂರ್ಯಕಾಂತನ ಬಾಯಿಂದ ಎರಡನೇ ಸುಳ್ಳು ಜಾರಿತು. "ನಮ್ಮ ರಾಧಿಕಾಗ ಬಯಕಿರಿ. ಅದೇ ಭರಣಿಯಾಗ ಕೈ ಹಾಕಿ ತಿನ್ನಬೇಕಂತ."

ಬಸುರಿ ಬಯಕೆಗೆ ಇಲ್ಲ ಅನ್ನುವ ಗಂಡೆದೆ ಆ ಓಣಿಯಲ್ಲಿ ಯಾರಿಗೂ ಇಲ್ಲ. ಕಾಶಿಬಾಯಿ ಕಣ್ಣೊರೆಸಿಕೊಂಡಳು. "ಮೂರು ತಿಂಗಳೇನು? ಹಂಗಾರ ಇವತ್ತೇ ಕಳ್ಳಕುಬಸ ಮಾಡೂಣು, ಭರಣಿ ನಾನೇ ಹೊತ್ತು ತರ್ತೇನಿ. ಯಾರಿಗೂ ಗೊತ್ತಾಗಬಾರ್ದು ನೋಡು!" ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದಳು.

ನಾಲ್ಕಕ್ಕೆ ಹದಿನೆಂಟು ಹೆಂಗಸರು ಈ ಗುಟ್ಟಿನ ಸೀಮಂತಕ್ಕೆ ಹಸಿರು ಬಳೆ, ಹೋಳಿಗೆ ಹಿಡಿದು ಸೂರ್ಯಕಾಂತನ ಮನೆಗೆ ನುಗ್ಗಿದರು. ರಾಧಿಕಾ ಒಮ್ಮೆ ತನ್ನ ಹೊಟ್ಟೆ ನೋಡಿಕೊಂಡಳು, ಒಮ್ಮೆ ಗಂಡನನ್ನು ನೋಡಿದಳು. ವಿಲನ್ ಕೂಡ ಊರು ಬಿಡುವಂಥ ನೋಟ.

"ಆರರ ತನಕ ಬಸುರಿ ಆಗು ನಮ್ಮವ್ವಾ, ನಿನ್ನ ಕಾಲ ಹಿಡೀತೇನಿ" ಎಂದು ಅವನು ಪಿಸುಗುಟ್ಟಿದ.

ಐದೂವರೆಯಾದರೂ ಭರಣಿ ಇಲ್ಲ. ಆರಕ್ಕೆ ಫೋನಿನಲ್ಲಿ ಹನ್ನೆರಡು ಅಮೆರಿಕನ್ ಮುಖಗಳು ಮೂಡಿದವು. ಅದೇ ಹೊತ್ತಿಗೆ ಸ್ಲೋ ಮೋಷನ್ನಿನಲ್ಲಿ ಕಾಶಿಬಾಯಿಯ ಎಂಟ್ರಿ. ತಲೆಯ ಮೇಲೆ ಬಟ್ಟೆ ಮುಚ್ಚಿದ ಭರಣಿ, ಹಿಂದೆ ಪಾತ್ರೆ-ಭಾಂಡೆ ಅಂಗಡಿಯ ಅರ್ಬಾಜ.

ಸೂರ್ಯಕಾಂತ ಬಟ್ಟೆ ಎಳೆದ. ನೀಲಿ ಹಕ್ಕಿ! ಅದರ ಎದೆಯ ಮೇಲೆ ಕುಟ್ಟಿ ಕೊರೆದ ಅಕ್ಷರ: "ಕಾಶಿಬಾಯಿಯವರಿಂದ ರಾಧಿಕಾಳ ಕುಬಸಕ್ಕೆ ಪ್ರೀತಿಯ ಆಹೇರ." ಕೆಳಗೆ, ಇಂಗ್ಲಿಷ್ ಅಂಕಿಗಳಲ್ಲಿ, ಇವತ್ತಿನ ತಾರೀಖು.

"ಹೆಸರ ಹಾಕಸಲಾರದ ಆಹೇರ ಹೆಂಗ ಕೊಡೂದು?" ಎಂದಳು ಕಾಶಿಬಾಯಿ.

"ಏನ್ ಗಟ್ಟಿ ಮಾಲ್ ರೀ ಅಣ್ಣಾ! ಮಶೀನಿಂದು ಮೂರು ಸೂಜಿ ಮುರದ್ವು" ಎಂದ ಅರ್ಬಾಜ.

ಫೋನಿನಲ್ಲಿದ್ದ ಮುದುಕರೊಬ್ಬರು ಕನ್ನಡಕ ಏರಿಸಿ, ಅದು ಇವತ್ತಿನ ತಾರೀಖಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಸೂರ್ಯಕಾಂತ ಬಾಯಿ ತೆರೆಯುವುದರೊಳಗೆ ಅರ್ಬಾಜ ಫೋನಿಗೆ ಮುಖ ತುರುಕಿ ಎದೆ ತಟ್ಟಿಕೊಂಡ. "ಎಸ್ ಸರ್! ಟುಡೇ ಸರ್! ಮೇಡ್ ಬೈ ಅರ್ಬಾಜ!"

ಹನ್ನೆರಡು ಮುಖಗಳು ಒಂದೊಂದಾಗಿ ಆರಿದವು. ಕೊನೆಗೆ ಉಳಿದದ್ದು ಸೂರ್ಯಕಾಂತನದೇ ಮುಖ. ಅದರ ಹಿಂದೆ, ಮೊಣಕೈವರೆಗೆ ಹಸಿರು ಬಳೆ ತೊಟ್ಟ ರಾಧಿಕಾ.

"ಅವರಂತೂ ಹೋದ್ರು" ಎಂದಳು ಮೆಲ್ಲಗೆ. "ಇನ್ನ ಆರು ತಿಂಗಳಿಗೆ ಕಾಕೂಗ ಏನ್ ತೋರಸ್ತೀರಿ?"