ಇಳಿಯದ ಕರೆಂಟ್ ಬಿಲ್ಲು

ಬ್ರಿಟನ್ನಿನ ಹಣಕಾಸು ಮಂತ್ರಿಯನ್ನು ನನ್ನ ಸೋದರಮಾವನಷ್ಟು ನಂಬಿದವರು ಆ ಮಂತ್ರಿಯ ಮನೆಯಲ್ಲೂ ಇದ್ದಿರಲಾರರು. ಹಡರ್ಸ್‌ಫೀಲ್ಡಿನ ಗುಡ್ಡದ ಮೇಲೆ, ಬಿಸಿಗೆ ಕರೆಂಟ್ ಹೀಟರ್ ಬಿಟ್ಟರೆ ಗ್ಯಾಸ್ ಸಂಪರ್ಕವೇ ಇಲ್ಲದ ಮನೆಯಲ್ಲಿ ಗಡಗಡ ನಡುಗುತ್ತಾ ನಂಬಿದ ಮನುಷ್ಯ ಅವರು.

ಮಾವ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್ ಆಗಿದ್ದವರು. ಸರ್ಕಾರ ಅದನ್ನು ಅಗ್ಗಕ್ಕೆ ಖಾಸಗಿಯವರಿಗೆ ಮಾರಿತು. ಹೊಸ ಮಾಲೀಕರು ಲಾಭ ಬಾಚಿಕೊಂಡು ಮಾವನನ್ನು ಮನೆಗೆ ಕಳಿಸಿದರು. ತೊಂಬತ್ತರ ದಶಕದ ಕೊನೆಗೆ ಬಂದ ಹೊಸ ಸರ್ಕಾರದ ಈ ಮಂತ್ರಿ ಅಂಥ ಕಂಪನಿಗಳ ಅನಾಯಾಸ ಲಾಭಕ್ಕೆ ತೆರಿಗೆ ಹಾಕಿದಾಗ ಮಾವ ಮೈಸೂರು ಪಾಕು ಹಂಚಿದರು.

"ನುಂಗಿದ್ದನ್ನ ಕಕ್ಕಿಸ್ತಾರೆ ಕಣೇ. ನಮ್ಮ ಬಿಲ್ಲು ಇಳಿದೇ ಇಳಿಯತ್ತೆ. ಅಲ್ಲೀವರೆಗೂ ಈ ಮನೇಲಿ ಹೀಟರ್ ಹಾಕಲ್ಲ!"

ಶಪಥವೇನೋ ಆಯಿತು. ಸಂಧಿವಾತದಿಂದ ದೀಪದ ಬತ್ತಿ ಹೊಸೆಯಲೂ ಆಗದ ಅತ್ತೆಯ ಬೆರಳುಗಳನ್ನು ಯಾರಾದರೂ ಕೇಳಿದರೇ? ಅತ್ತೆಯೋ ಅವರಿಗಿಂತ ಒಂದು ಕೈ ಮೇಲು. "ನಿಮ್ಮ ಮಾವ ಮಾತು ಕೊಟ್ಟಿದಾರೆ. ಇಳೀಲಿ, ಆಮೇಲೆ ಹಾಕೋಣ" ಎನ್ನುತ್ತಿದ್ದರು. ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ಆದ ನಾನು ಊರಿಗೆಲ್ಲ ಬುದ್ಧಿ ಹೇಳುತ್ತೇನೆ, ಆ ಮನೆಯಲ್ಲಿ ಮಾತ್ರ ನನ್ನ ಬೇಳೆ ಬೇಯಲಿಲ್ಲ.

ಬೇಳೆ ಹಾಗಿರಲಿ, ನಾಲ್ಕು ದಿನವಾದರೂ ದೋಸೆ ಹಿಟ್ಟು ಹುಳಿ ಬರುತ್ತಿರಲಿಲ್ಲ. ಮಾವ ಪಾತ್ರೆಯನ್ನು ಟೀವಿಯ ನೆತ್ತಿಯ ಮೇಲಿಟ್ಟರು. "ಹೇಗೂ ನ್ಯೂಸ್ ನೋಡ್ತೀವಿ, ಆ ಬಿಸಿ ಯಾಕೆ ದಂಡ ಆಗ್ಬೇಕು?" ಒಂದು ಮಧ್ಯಾಹ್ನ ಮಂತ್ರಿಗಳ ಉದ್ದನೆಯ ಭಾಷಣ. ತೆರಿಗೆಯ ಮಾತು ಬರುವ ಹೊತ್ತಿಗೆ ಹಿಟ್ಟು ಉಕ್ಕಿ, ಪರದೆಯ ಮೇಲಿನ ಅವರ ಹಣೆಯಿಂದ ಟೈವರೆಗೆ ಹರಿಯಿತು. ಆ ತೆರಿಗೆಯಿಂದ ನಮ್ಮ ಕುಟುಂಬಕ್ಕೆ ದಕ್ಕಿದ್ದು, ಒರೆಸಿ ಉಳಿದ ಎಂಟು ದೋಸೆ.

ಬಿಲ್ಲು ಬಂತು. ಇಳಿದಿರಲಿಲ್ಲ. "ಆ ದುಡ್ಡು ಸರ್ಕಾರದ ಬೊಕ್ಕಸಕ್ಕೆ ಮಾವ, ಕೆಲಸ ಇಲ್ಲದ ಯುವಕರ ತರಬೇತಿಗೆ. ನಿಮ್ಮ ಬಿಲ್ಲಿಗೂ ಅದಕ್ಕೂ ಸಂಬಂಧ ಇಲ್ಲ" ಎಂದೆ.

"ಲಾಭ ಮಾಡಿದ್ದು ನನ್ನ ಬಿಲ್ಲಿಂದ ತಾನೇ? ವಾಪಸ್ ಬರ್ಬೇಕಾದ್ದು ಯಾರಿಗೆ?"

ಆ ಪ್ರಶ್ನೆ ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಜನವರಿಯಲ್ಲಿ ಜಗಳವಾಡಲೆಂದೇ ಹೋದೆ. ನೋಡಿದರೆ ಮುಂದಿನ ಕೋಣೆಯಲ್ಲಿ ಹೀಟರ್ ಕೆಂಪಗೆ ಉರಿಯುತ್ತಿದೆ. ಅತ್ತೆ ಅದರ ಮುಂದೆ ಕುಳಿತು ಬತ್ತಿ ಹೊಸೆಯುತ್ತಿದ್ದಾರೆ.

"ಬಿಲ್ಲು ಇಳೀತಂತೆ ಕಣೇ. ನಿಮ್ಮ ಮಾವನ ಮಾತು ಸುಳ್ಳಾಗಲಿಲ್ಲ."

ಅಡುಗೆಮನೆಯಲ್ಲಿ ಮಾವ ಬಾಗಿಲು ಮುಚ್ಚಿಕೊಂಡು, ಕೋಟು, ಮಂಕಿ ಕ್ಯಾಪು ಹಾಕಿ ಕುಳಿತಿದ್ದರು. ಮೇಜಿನ ಮೇಲೆ ಹೊಸ ಬಿಲ್ಲು. ಹಳೆಯದಕ್ಕಿಂತ ಜಾಸ್ತಿ.

"ಅವಳಿಗೆ ಹೇಳ್ಬೇಡ. ಇಳೀತು ಅನ್ನದೇ ಇದ್ರೆ ಹೀಟರ್ ಮುಟ್ಟೋಕೆ ಬಿಡ್ತಿರಲಿಲ್ಲ."

"ಸರಿ, ನೀವ್ಯಾಕೆ ಇಲ್ಲಿ ಥಂಡೀಲಿ?"

"ಇಳಿದಿಲ್ಲವಲ್ಲಮ್ಮ" ಎಂದರು. "ಶಪಥ ಮಾಡಿದ್ದು ನಾನು ತಾನೇ?"

ನಾನೂ ಕೋಟು ಬಿಚ್ಚಲಿಲ್ಲ. ಕುರ್ಚಿ ಎಳೆದುಕೊಂಡು ಅವರ ಪಕ್ಕದಲ್ಲಿ ಕುಳಿತೆ.