ಹೋಗುವ ಕಾರಿಗೆ, ಬರುವ ವಿಚಾರವಾಗಿ

ಇವರಿಗೆ,
ನಮ್ಮ ಮನೆಯ ಬಿಳಿ ಕಾರಿನವರು,
ಗೇಟಿನ ಒಳಗೆ, ನೀರಿನ ತೊಟ್ಟಿಯ ಪಕ್ಕ.

ವಿಷಯ: ತಮ್ಮನ್ನು ಇನ್ನೂ ರಿಪೇರಿ ಮಾಡಿಸುತ್ತಿರಬೇಕೋ, ಕೊಟ್ಟು ಕೈತೊಳೆದುಕೊಳ್ಳಬೇಕೋ ಎಂಬ ಬಗ್ಗೆ.
ಉಲ್ಲೇಖ: ತಾವು ಸೇತುವೆಯ ಮೇಲೆ ನಿಂತದ್ದು, ತಮ್ಮನ್ನು ಕೊಟ್ಟ ದಿನವೇ ತಾವು ವಾಪಸು ಬಂದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಬಾನೆಟ್ಟಿಗೆ ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ಆರೋಗ್ಯವಾಗಿರುವಿರೆಂದು ನಂಬಿದ್ದೇನೆ. ಹಾಗಿಲ್ಲವೆಂದು ಮೆಕ್ಯಾನಿಕ್ ಹೇಳಿದ್ದಾರೆ, ತಮ್ಮ ಅಡಿಯಲ್ಲಿ ದಿನಾ ಹಿಗ್ಗುತ್ತಿರುವ ಎಣ್ಣೆಯ ಕಲೆಯೂ ಅದನ್ನೇ ಹೇಳುತ್ತಿದೆ, ಆದರೂ ಪತ್ರದ ಮೊದಲ ಸಾಲಿನಲ್ಲಿ ಹಾಗೆ ನಂಬುವುದು ರೂಢಿಯಾದ್ದರಿಂದ ನಂಬಿದ್ದೇನೆ. ನಾನು ನೀರು ಸರಬರಾಜು ಕಚೇರಿಯಲ್ಲಿ ಜನರ ದೂರುಗಳಿಗೆ ಉತ್ತರ ಬರೆಯುವ ಗುಮಾಸ್ತನೆಂಬುದು ತಮಗೆ ಗೊತ್ತೇ ಇದೆ. ‘ತಮ್ಮ ದೂರು ಪರಿಶೀಲನೆಯಲ್ಲಿದೆ’ ಎಂದು ಬರೆದೂ ಬರೆದೂ ಸವೆದ ಈ ಕೈ ಮೊದಲ ಸಲ ತಾನೇ ಒಂದು ದೂರು ಬರೆಯುತ್ತಿದೆ. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಎಣ್ಣೆಯನ್ನಂತೂ ತಾವು ಅಲ್ಲಿ ಉಳಿಸಿಕೊಳ್ಳುವುದಿಲ್ಲವಾದ್ದರಿಂದ ಜಾಗಕ್ಕೇನೂ ಕೊರತೆಯಾಗದು.

ಮೊದಲು ತಮ್ಮ ಸದ್ಗುಣಗಳ ಬಗ್ಗೆ ಎರಡು ಮಾತು ಹೇಳದೆ ಮುಂದುವರಿದರೆ ನಾನು ಕೃತಘ್ನನಾಗುತ್ತೇನೆ. ತಮ್ಮ ಪೆಟ್ರೋಲ್ ಮುಳ್ಳು ಸದಾ ಟ್ಯಾಂಕು ತುಂಬಿದೆಯೆಂದೇ ತೋರಿಸುತ್ತದೆ. ಹಸಿದು ಬಂದ ನೆಂಟರು ‘ಈಗ ತಾನೇ ಊಟ ಆಯ್ತು’ ಎನ್ನುವಂಥ ತಮ್ಮ ಸಂಕೋಚದ ಸ್ವಭಾವ ಅರ್ಥವಾಗುವಷ್ಟರಲ್ಲಿ ನಾವು ಎಷ್ಟೋ ಸಲ ಕ್ಯಾನು ಹಿಡಿದು ಬಂಕಿಗೆ ನಡೆದಾಗಿತ್ತು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ತಮ್ಮ ಹಾರ್ನು ತಾನಾಗಿ ಕೂಗುತ್ತದೆ. ನಮ್ಮ ಬೀದಿಯ ಎಡತಿರುವಿನ ಮನೆಯ ಮೇಷ್ಟ್ರು ನಾನು ಅವರನ್ನೇ ಕರೆಯುತ್ತಿದ್ದೇನೆಂದು ತಿಳಿದು ಮೊದಮೊದಲು ಬಾಗಿಲಿಗೆ ಬರುತ್ತಿದ್ದರು, ಈಗ ಕಿಟಕಿಯಿಂದಲೇ ಬೈಯುತ್ತಾರೆ. ಇನ್ನು ತಮ್ಮ ಎಡಗಡೆಯ ಬಾಗಿಲು. ಅದು ಹೊರಗಿನಿಂದ ಮಾತ್ರ ತೆರೆಯುತ್ತದೆ. ಹೆಂಡತಿಯನ್ನು ಕೂರಿಸಿಕೊಂಡು ಎಲ್ಲಿಗೇ ಹೋದರೂ ನಾನು ಇಳಿದು, ಸುತ್ತು ಹಾಕಿ ಬಂದು, ಬಾಗಿಲು ತೆರೆದು ನಿಲ್ಲುವುದನ್ನು ಕಂಡ ಅವಳ ತವರಿನವರು ಅಳಿಯನೆಂದರೆ ಹೀಗಿರಬೇಕು ಎಂದು ಹಾಡಿ ಹೊಗಳಿದ್ದಾರೆ. ಆ ಒಳ್ಳೆಯ ಹೆಸರಿನ ಶ್ರೇಯಸ್ಸು ಪೂರ್ತಿಯಾಗಿ ತಮ್ಮ ಮುರಿದ ಹಿಡಿಗೆ ಸಲ್ಲಬೇಕು.

ತಮ್ಮ ವೈದ್ಯರನ್ನೂ ಇಲ್ಲಿ ನೆನೆಯಬೇಕು. ಅವರ ಹೆಸರನ್ನು ಬೀದಿಯವರೆಲ್ಲ ಮರೆತು ‘ಸದ್ಯಕ್ಕಣ್ಣ’ ಎನ್ನುತ್ತಾರೆ, ಏಕೆಂದರೆ ಯಾವ ರಿಪೇರಿ ಮುಗಿಸಿದರೂ ಅವರು ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ‘ಸದ್ಯಕ್ಕೆ ತೊಂದ್ರೆ ಇಲ್ಲ ಸಾರ್’ ಎನ್ನುತ್ತಾರೆ. ಆ ಸದ್ಯ ಎನ್ನುವುದು ಕೆಲವೊಮ್ಮೆ ಒಂದು ತಿಂಗಳು ಬಾಳುತ್ತದೆ, ಕೆಲವೊಮ್ಮೆ ಅವರ ಶೆಡ್ಡಿನಿಂದ ಮುಖ್ಯರಸ್ತೆ ಸೇರುವಷ್ಟರಲ್ಲಿ ತೀರಿಹೋಗುತ್ತದೆ. ಕ್ಲಚ್ ಹೋದಾಗ, ಕ್ಲಚ್ ಇಲ್ಲದ ಗಾಡಿಯನ್ನು ಯಾರು ಕೊಳ್ಳುತ್ತಾರೆಂದು ಹೊಸದು ಹಾಕಿಸಿದೆವು. ಹಾಕಿಸಿದ ಮೇಲೆ, ಹೊಸ ಕ್ಲಚ್ ಇರುವ ಗಾಡಿಯನ್ನು ಯಾವ ಬುದ್ಧಿವಂತ ಮಾರುತ್ತಾನೆಂದು ಇಟ್ಟುಕೊಂಡೆವು. ಅಷ್ಟರಲ್ಲಿ ರೇಡಿಯೇಟರ್ ಸೋರಿತು. ಕೆಟ್ಟಾಗ ಕೊಳ್ಳುವವರಿಲ್ಲ, ಸರಿಯಿದ್ದಾಗ ಮಾರಲು ಮನಸ್ಸಿಲ್ಲ. ಹೀಗೆ ತಾವು ಕೆಡುವುದರಿಂದಲೇ ತಮ್ಮ ಸ್ಥಾನವನ್ನು ಭದ್ರಪಡಿಸಿಕೊಂಡಿರುವ ಜಾಣ್ಮೆಯನ್ನು ನಾನು ನಮ್ಮ ಕಚೇರಿಯ ಹಿರಿಯ ಅಧಿಕಾರಿಗಳಲ್ಲಿ ಮಾತ್ರ ಕಂಡಿದ್ದೇನೆ.

ಈಗ ಅಸಲು ಮಾತಿಗೆ ಬರುತ್ತೇನೆ. ನಮ್ಮ ಅಮ್ಮನ ಆಡಳಿತದಲ್ಲಿ ಗೇಟಿನ ಬಳಿ ‘ಹೋಗ್ತೀನಿ’ ಎಂಬ ಮಾತಿಗೆ ನಿಷೇಧವಿದೆ. ‘ಹೋಗಿ ಬರ್ತೀನಿ’ ಎನ್ನಬೇಕು, ಅವಳು ‘ಹೋಗಿ ಬಾ’ ಎನ್ನಬೇಕು, ಆಮೇಲೆಯೇ ಗೇಟು ಹಾಕಬೇಕು. ಮೀಟರ್ ಓದಲು ಬಂದವನನ್ನೂ, ಗ್ಯಾಸ್ ಸಿಲಿಂಡರ್ ತಂದವನನ್ನೂ, ಒಮ್ಮೆ ದಾರಿತಪ್ಪಿ ಒಳಗೆ ಬಂದ ಯಾರದೋ ನಾಯಿಯನ್ನೂ ಅವಳು ಹಾಗೆಯೇ ಹೇಳಿ ಕಳಿಸಿದ್ದಾಳೆ. ನಾಯಿ ಮರುದಿನ ಬಂತು. ತಮಗಂತೂ ಹೊರಟಾಗಲೆಲ್ಲ ಬಾನೆಟ್ಟು ತಟ್ಟಿ ಪ್ರತ್ಯೇಕವಾಗಿ ಹೇಳುತ್ತಾಳೆ.

ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದ ಬೆಳಿಗ್ಗೆ ಅವಳು ತಮ್ಮಿಬ್ಬರಿಗೂ ಸೇರಿಸಿ ‘ಹೋಗಿ ಬನ್ನಿ’ ಎಂದಿದ್ದಳು. ಅಪ್ಪ ಹಿಂದಿನ ಸೀಟಿನಿಂದ ‘ಹೂಂ’ ಎಂದರು. ಆದರೆ ವಾಪಸು ಬಂದವರು ತಾವು ಮಾತ್ರ. ಅಂದಿನಿಂದ ಅಮ್ಮನ ಕಣ್ಣಿನಲ್ಲಿ ಈ ಮನೆಯಲ್ಲಿ ಹೇಳಿದ ಮಾತು ನಡೆಸಿಕೊಟ್ಟವರು ತಾವೊಬ್ಬರೇ. ತಮ್ಮನ್ನು ಮಾರುವ ಮಾತೆತ್ತಿದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು, ನಾನು ಮಾತು ನುಂಗಿಕೊಂಡು ಸದ್ಯಕ್ಕಣ್ಣನಿಗೆ ಫೋನು ಮಾಡುತ್ತಿದ್ದೆ.

ಹಾಗೇ ಇನ್ನೂ ನಡೆಯುತ್ತಿತ್ತೋ ಏನೋ, ತಾವು ಸೇತುವೆಯ ಮೇಲೆ ನಿಲ್ಲದಿದ್ದರೆ. ನನ್ನ ಹೆಂಡತಿ ಫಿಸಿಯೋಥೆರಪಿಸ್ಟ್, ಮೂಳೆ ಮುರಿದು ಮಲಗಿದವರನ್ನು ಅವರವರ ಮನೆಗೇ ಹೋಗಿ ಮತ್ತೆ ನಡೆಸುವುದು ಅವಳ ಕೆಲಸ. ವಾಕರ್, ಮೆಷೀನು, ಚಾಪೆಗಳನ್ನೆಲ್ಲ ಹೊತ್ತು ಬಸ್ಸು ಹತ್ತಲಾಗದೆ ಅವಳು ತಮ್ಮನ್ನು ನಂಬಿದ್ದಳು. ಅಂದು ಅವಳು ಹೊರಟದ್ದು ಗಡಿಯಾರದಜ್ಜನ ಮನೆಗೆ. ಅಂಗಡಿ ಮುಚ್ಚುವ ತನಕ ಗಡಿಯಾರ ರಿಪೇರಿ ಮಾಡುತ್ತಿದ್ದ ಅವರ ಸೊಂಟದ ಮೂಳೆ ಮುರಿದಿದೆ. ಮಗಳು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಒಬ್ಬರೇ, ಇವಳು ಬರುವ ದಿನ ಬೆಳಿಗ್ಗೆಯೇ ಬೂಟು ಹಾಕಿಸಿಕೊಂಡು ಕುರ್ಚಿಯಲ್ಲಿ ತಯಾರಾಗಿರುತ್ತಾರೆ. ತಾವೋ ನದಿಯ ನೋಟ ಚೆನ್ನಾಗಿ ಸಿಗುವ ಜಾಗ ನೋಡಿ, ಸೇತುವೆಯ ನಟ್ಟನಡುವೆ ಆಸೀನರಾದಿರಿ. ತಮ್ಮ ರಸಿಕತೆಯನ್ನು ಹಿಂದಿದ್ದ ಬಸ್ಸಿನವರಾಗಲಿ ಲಾರಿಯವರಾಗಲಿ ಮೆಚ್ಚಲಿಲ್ಲವೆಂಬುದನ್ನು ವಿಷಾದದಿಂದ ತಿಳಿಸುತ್ತೇನೆ.

ಇವಳು ಆಟೋ ಹಿಡಿದು ಅವರ ಮನೆ ಸೇರುವಷ್ಟರಲ್ಲಿ ಅಜ್ಜ ಬಾಗಿಲ ಬಳಿ ನೆಲದ ಮೇಲಿದ್ದರು, ಮಣಿಕಟ್ಟು ಊದಿತ್ತು. ‘ನೀನಿನ್ನೂ ಬರ್ಲಿಲ್ವಲ್ಲ, ಬಾಗ್ಲಾದ್ರೂ ತೆಗೆದಿರೋಣ ಅಂತ ಎದ್ದೆ ಕಣಮ್ಮ’ ಎಂದರಂತೆ. ಮನೆಗೆ ಬಂದವಳು ತಮ್ಮ ಕೀಲಿಯನ್ನು ಮೇಜಿನ ಮೇಲಿಟ್ಟು, ‘ಅವರು ಬೈದಿದ್ರೆ ಪರವಾಗಿರ್ಲಿಲ್ಲ ರೀ. ನನ್ನಿಂದ ನಿಂಗೆ ತೊಂದ್ರೆ ಆಯ್ತು ಅಂತ ನನ್ನನ್ನೇ ಸಮಾಧಾನ ಮಾಡಿದ್ರು. ಇನ್ನು ನಾನು ಇದ್ರಲ್ಲಿ ಯಾರ ಮನೆಗೂ ಹೋಗಲ್ಲ’ ಎಂದಳು. ನನ್ನ ಬಾಯಿಗೆ ‘ಪರಿಶೀಲನೆಯಲ್ಲಿದೆ’ ಎಂಬ ಮಾತೇ ಬಂದಿತ್ತು, ಹೇಗೋ ತಡೆದುಕೊಂಡೆ. ಮಾತಾಡಿದವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ. ‘ಬಾಗ್ಲಲ್ಲಿ ಕಾಯೋರಿಗೆ ಹೀಗಾಗ್ಬಾರ್ದು ಕಣೋ. ಕೊಟ್ಬಿಡು’ ಎಂದು ಹೇಳಿ, ಎಂದಿನಂತೆ ಒಳಗೆ ಹೋದಳು.

ಅವಳ ಬಾಯಿಂದ ಆ ಮಾತು ಬಂದ ಮೇಲೆ ನಾವು ಮೂವರೂ ಹೊಸ ಕಾರು ನೋಡಲು ಹೋದೆವು. ಅಂಗಡಿಯವನು, ಈ ಗಾಡಿ ತಾನೇ ಮಾತಾಡುತ್ತದೆ, ಬೆಲ್ಟ್ ಹಾಕದಿದ್ದರೆ ಎಚ್ಚರಿಸುತ್ತದೆ, ದಾರಿ ತಪ್ಪಿದರೆ ತಿದ್ದುತ್ತದೆ ಎಂದೆಲ್ಲ ವರ್ಣಿಸಿದ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ‘ಹೋಗಿ ಬರ್ತೀನಿ ಅನ್ನುತ್ತಾ?’ ಎಂದು ವಿಚಾರಿಸಿದಳು. ಅವನು ಕೈಪಿಡಿ ತಿರುವಿ ನೋಡಿ, ಆ ಸೌಲಭ್ಯ ಇದಕ್ಕಿಂತ ಮೇಲಿನ ಮಾಡೆಲಿನಲ್ಲಿ ಇರಬಹುದು ಎಂದ. ಎಲ್ಲ ಬಾಗಿಲೂ ಒಳಗಿನಿಂದ ತೆರೆಯುತ್ತವೆಯೇ ಎಂದಷ್ಟೇ ನೋಡಿಕೊಂಡು ಹೆಂಡತಿ ಅದನ್ನು ಒಪ್ಪಿಕೊಂಡಳು.

ತಮ್ಮನ್ನು ಕೊಳ್ಳಲು ಬಂದವರು ಪಕ್ಕದ ಬಡಾವಣೆಯ ಬೇಕರಿಯವರು. ತಮ್ಮ ರೋಗಗಳನ್ನೆಲ್ಲ ಒಂದೂ ಬಿಡದೆ ನಾನು ವಿವರಿಸಿದ್ದೆ, ಯಾಕೆಂದರೆ ಇನ್ನೊಂದು ಮನೆಯ ಬಾಗಿಲಲ್ಲಿ ಇನ್ನೊಬ್ಬರು ಬೀಳುವುದು ನನಗೆ ಬೇಕಿರಲಿಲ್ಲ. ಅವರು ಟೈರಿಗೆ ಒದ್ದು ನೋಡಿ, ‘ಬ್ರೆಡ್ಡಿಗೇನು ಸಾರ್, ದಾರೀಲಿ ನಿಂತ್ರೂ ಬೈಯಲ್ಲ’ ಎಂದರು. ಕೀಲಿ ಕೊಟ್ಟೆ. ತಾವು ಹೊಗೆಯುಗುಳುತ್ತ ಗೇಟು ದಾಟುತ್ತಿದ್ದಂತೆ ಅಮ್ಮನ ಬಾಯಿಂದ, ಅವಳಿಗೇ ಅರಿವಿಲ್ಲದೆ, ‘ಹೋಗಿ ಬಾಪ್ಪ’ ಎಂಬ ಮಾತು ಜಾರಿತು. ತಕ್ಷಣ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಾವಿಬ್ಬರೂ ಕೇಳಿಸಲೇ ಇಲ್ಲವೆಂಬಂತೆ ಆಕಾಶ ನೋಡಿದೆವು.

ತಾವು ಕೇಳಿಸಿಕೊಂಡಿದ್ದಿರಿ. ಮಧ್ಯಾಹ್ನದ ಹೊತ್ತಿಗೆ ಎಡತಿರುವಿನಲ್ಲಿ ಹಾರ್ನು ಕೇಳಿತು, ಮೇಷ್ಟ್ರು ಬೈಯುವುದೂ ಕೇಳಿತು, ಹಿಟ್ಟಿನ ಕೈಗಳ ಬೇಕರಿಯವರೆಲ್ಲ ಸೇರಿ ತಮ್ಮನ್ನು ತಳ್ಳಿಕೊಂಡು ಬಂದರು. ‘ಎಲ್ಲ ಕಡೆ ನಿಲ್ತು ಸಾರ್, ನಿಮ್ಮ ಬೀದಿ ಕಂಡ ಮೇಲೆ ಒಂದು ಸಲ ಸ್ಟಾರ್ಟ್ ಆಯ್ತು’ ಎಂದು ಹೇಳಿ, ಕೊಟ್ಟದ್ದನ್ನು ವಾಪಸು ಇಸಿದುಕೊಂಡು ಅವರು ಹೋದರು. ಅಮ್ಮ ಬಾನೆಟ್ಟು ತಟ್ಟಿ ‘ಬಂದ್ಯಾ’ ಎಂದಳು. ಅವಳ ಮುಖದಲ್ಲಿದ್ದ ಹೆಮ್ಮೆಯನ್ನು ನಾನು ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಕಂಡಿರಲಿಲ್ಲ. ಹೆಂಡತಿ ಮೊದಲು ನಕ್ಕಳು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆದ್ದರಿಂದ ನಮ್ಮ ಬೇಡಿಕೆಗಳನ್ನು ತಮ್ಮ ದಿವ್ಯ ಸಮ್ಮುಖದಲ್ಲಿ ಇಡುತ್ತಿದ್ದೇನೆ. ತಾವು ಕೆಡುವುದಿದ್ದರೆ ಮುಂಚಿತವಾಗಿ ಸಾಂದರ್ಭಿಕ ರಜೆಗೆ ಅರ್ಜಿ ಕೊಟ್ಟು ಕೆಡಬೇಕಿತ್ತು. ನಿಲ್ಲುವುದಿದ್ದರೆ ಸದ್ಯಕ್ಕಣ್ಣನ ಶೆಡ್ಡಿನೆದುರು, ನೆರಳು ನೋಡಿ, ಭಾನುವಾರ ನಿಲ್ಲಬೇಕಿತ್ತು. ವಯಸ್ಸಾದ ಮೇಲೆ ತಾವಾಗಿಯೇ ಸ್ವಯಂ ನಿವೃತ್ತಿ ಪಡೆದು, ನಮಗೆ ಈ ನಿರ್ಧಾರದ ಪಾಪ ತಟ್ಟದಂತೆ ನೋಡಿಕೊಳ್ಳಬೇಕಿತ್ತು. ಈಗಲೂ ಕಾಲ ಮಿಂಚಿಲ್ಲವೆಂದಾದರೆ ಆ ದಿನದ ಸೇತುವೆಯನ್ನು ದಯವಿಟ್ಟು ಇನ್ನೊಮ್ಮೆ ನಿಲ್ಲದೆ ದಾಟಿ, ಅಜ್ಜ ಕುರ್ಚಿಯಿಂದ ಏಳುವ ಮೊದಲೇ ಅವರ ಮನೆ ಮುಂದೆ ಹಾರ್ನು ಮಾಡಬೇಕು. ಎಡಕ್ಕೆ ತಿರುಗಿದರೆ ಅದು ತಾನಾಗಿಯೇ ಆಗುತ್ತದೆ.

ಇವು ಯಾವುವೂ ಸಾಧ್ಯವಿಲ್ಲವೆಂದಾದರೆ ಕೊನೆಯದೊಂದು ಕೋರಿಕೆ. ನಾಳೆ ಗುಜರಿಯವರ ಲಾರಿ ತಮ್ಮನ್ನು ಒಯ್ಯಲು ಬರುತ್ತದೆ. ಅಮ್ಮ ಗೇಟಿನ ಬಳಿ ನಿಲ್ಲುತ್ತಾಳೆ, ಒಳಗಿರು ಎಂದರೆ ಕೇಳುವವಳಲ್ಲ. ಈ ಸಲ ಬರೀ ‘ಹೋಗು’ ಎನ್ನುತ್ತೇನೆಂದು ಸೊಸೆಗೆ ಮಾತು ಕೊಟ್ಟಿದ್ದಾಳೆ, ಆದರೆ ಆ ಗಳಿಗೆಯಲ್ಲಿ ಬಾಯಿಗೆ ಏನು ಬರುತ್ತದೋ ಅವಳಿಗೂ ಗೊತ್ತಿಲ್ಲ. ಅಪ್ಪಿತಪ್ಪಿ ಹಳೆಯ ಮಾತೇ ಬಂದರೆ, ಇಷ್ಟು ವರ್ಷ ಅವಳ ಮಾತನ್ನು ಚಾಚೂ ತಪ್ಪದೆ ನಡೆಸಿಕೊಟ್ಟ ತಾವು ಈ ಒಂದು ಸಲ ಅಪ್ಪ ಮಾಡಿದಂತೆ ಮಾಡಬೇಕು. ಕೇಳಿಸಿಕೊಳ್ಳಿ, ಹೂಂ ಎನ್ನಿ, ಬರಬೇಡಿ.

ಇಂತಿ,
ತಮ್ಮ ವಿಶ್ವಾಸಿ,
ಎಡಗಡೆಯ ಬಾಗಿಲನ್ನು ಹೊರಗಿನಿಂದ ತೆರೆಯುವವನು

ತಾ.ಕ.: ಇಂದು ಬೆಳಿಗ್ಗೆ ಅಮ್ಮ ನನ್ನ ಮೇಲೆ ಅಭ್ಯಾಸ ಮಾಡಿ ನೋಡಿದಳು. ನಾನು ಕಚೇರಿಗೆ ಹೊರಟಾಗ ಗಟ್ಟಿಮನಸ್ಸು ಮಾಡಿ ಬರೀ ‘ಹೋಗು’ ಎಂದಳು. ನಾನು ಮೇಷ್ಟ್ರ ಮನೆಯ ತಿರುವಿನವರೆಗೆ ಹೋದವನು ಅಲ್ಲಿಂದ ಹಿಂದಿರುಗಿ ಬಂದು, ಸರಿಯಾಗಿ ಹೇಳಿಸಿಕೊಂಡು ಮತ್ತೆ ಹೊರಟೆ. ಇದನ್ನು ತಾವು ಪೂರ್ವನಿದರ್ಶನವೆಂದು ಬಳಸಿಕೊಳ್ಳತಕ್ಕದ್ದಲ್ಲ.